ಮೊಲೆತೊಟ್ಟಿನ ಮಾಯದ ಗಾಯ

ಹಾಲೂಡಿಸುವ ತಾಯಿಯ ಮೊಲೆತೊಟ್ಟಿನಲ್ಲಿ ಉಂಟಾಗಿ ಬಹುದಿನ ಮಾಯದೆ ಉಳಿಯುವ ಬಿರುಕು, ತರಚು ಅಥವಾ ಹುಣ್ಣು. ಹೆರಿಗೆಯ ನಂತರದ ಮೊದಲ ವಾರದಲ್ಲಿ ತೊಟ್ಟು ನೋಯುವುದು ಸಾಮಾನ್ಯ. 7-10 ದಿನಗಳಲ್ಲಿ ಆ ನೋವು ಬಹುಮಟ್ಟಿಗೆ ತಗ್ಗುತ್ತದೆ. ಆಮೇಲೂ ಚರ್ಮ ಒಡೆದು ರಕ್ತ ಒಸರುತ್ತಿದ್ದರೆ, ಗಾಯ ಮಾಡಿದ ಕಾರಣ ಇನ್ನೂ ಉಳಿದಿದೆ ಎಂದೇ ತಿಳಿಯಬೇಕು. ಅದನ್ನು ಹುಡುಕಿ ಸರಿಪಡಿಸುವುದೇ ಚಿಕಿತ್ಸೆಯ ಮೊದಲ ಹೆಜ್ಜೆ.

ಕಾರಣಗಳು: ಮಗು ತೊಟ್ಟನ್ನಷ್ಟೇ ಚೀಪುವುದು ಎಲ್ಲಕ್ಕಿಂತ ಸಾಮಾನ್ಯವಾದ ಕಾರಣ. ತೊಟ್ಟು ಮಗುವಿನ ಬಾಯಿಯ ಹಿಂಭಾಗದ ಮೆತ್ತನೆಯ ಅಂಗುಳದ ಹತ್ತಿರಕ್ಕೆ ಹೋದರೆ ತಿಕ್ಕಾಟವಿರುವುದಿಲ್ಲ. ಮುಂದೆಯೇ ಉಳಿದರೆ ನಾಲಿಗೆಗೂ ಗಟ್ಟಿ ಅಂಗುಳಕ್ಕೂ ನಡುವೆ ಸಿಕ್ಕಿ ನಲುಗುತ್ತದೆ. ಮಗುವಿನ ನಾಲಿಗೆ ಅಡಿಯಲ್ಲಿ ಅಂಟಿಕೊಂಡಿರುವುದು, ತಾಯಿಯ ತೊಟ್ಟು ಚಪ್ಪಟೆಯಾಗಿ ಅಥವಾ ಒಳಸೇರಿರುವುದು, ಅಳತೆಗೆ ಹೊಂದದ ಪಂಪಿನ ಬಳಕೆ ಇತರ ಕಾರಣಗಳು. ಒಡೆದ ಚರ್ಮಕ್ಕೆ ಸ್ಟೆಫೈಲೊಕಾಕಸ್ ಆರಿಯಸ್ ಬ್ಯಾಕ್ಟೀರಿಯಾದ ಸೋಂಕು ತಗುಲಿದರೆ ಗಾಯ ಮಾಯುವುದು ತಡವಾಗುತ್ತದೆ.

ಪತ್ತೆ: ತಾಯಿ ಹಾಲು ಕುಡಿಸುವುದನ್ನು ಆರಂಭದಿಂದ ಕೊನೆಯವರೆಗೆ ನೋಡದೆ ಕಾರಣ ತಿಳಿಯುವುದು ಕಷ್ಟ. ಮಗು ಬಿಟ್ಟ ಕೂಡಲೇ ತೊಟ್ಟು ಓರೆಯಾಗಿ ಚಪ್ಪಟೆಗೊಂಡಿದ್ದರೆ, ತುದಿಯಲ್ಲಿ ಬಿಳಿ ಗೆರೆ ಮೂಡಿದ್ದರೆ, ಬಾಯಿಯಲ್ಲಿ ಅದು ಅದುಮಿಹೋಗುತ್ತಿದೆ ಎಂದರ್ಥ. ಹಳದಿ ಹಕ್ಕಳೆ, ಕೀವು ಸೋಂಕಿನ ಗುರುತು. ತಣ್ಣನೆ ಗಾಳಿಗೆ ತೊಟ್ಟು ಬಿಳಿಚಿ, ಬಳಿಕ ನೀಲಿಯಾಗಿ, ಕೆಂಪಾಗಿ ಉರಿದರೆ ಅದು ರಕ್ತನಾಳಗಳ ಸೆಡೆತ; ಬೆಚ್ಚಗಿಡುವುದರಿಂದ, ಅಗತ್ಯವಿದ್ದರೆ ವೈದ್ಯರು ಕೊಡುವ ನಿಫೆಡಿಪಿನ್‌ನಿಂದ ಗುಣ ಕಾಣುತ್ತದೆ. ಮಗುವಿನ ಬಾಯಲ್ಲಿ ಬಿಳಿ ಮಚ್ಚೆಗಳಿದ್ದು ಶಿಲೀಂಧ್ರ ಸೋಂಕು ಖಚಿತವಾದರೆ ತಾಯಿ, ಮಗು ಇಬ್ಬರಿಗೂ ಒಟ್ಟಿಗೆ ಔಷಧ ಬೇಕು.

ಚಿಕಿತ್ಸೆ: ಮಗುವಿನ ಇಡೀ ಮೈ ತಾಯಿಯ ಕಡೆಗೆ ತಿರುಗಿರಬೇಕು, ಮೂಗು ತೊಟ್ಟಿನ ನೇರಕ್ಕಿರಬೇಕು. ಬಾಯಿ ಅಗಲವಾಗಿ ತೆರೆದಾಗ ಮಗುವನ್ನು ಎದೆಗೆ ತರಬೇಕು, ಎದೆಯನ್ನು ಬಗ್ಗಿಸಿ ಮಗುವಿಗೆ ಕೊಡಬಾರದು. ಗದ್ದ ಎದೆಗೆ ತಾಗಿ, ಕೆಳತುಟಿ ಹೊರಮಗುಚಿ, ತೊಟ್ಟಿನ ಸುತ್ತಲ ಕಪ್ಪುಭಾಗ ಕೆಳಗಡೆಗಿಂತ ಮೇಲುಗಡೆ ಹೆಚ್ಚು ಕಂಡರೆ ಹಿಡಿತ ಸರಿಯಿದೆ. ನೋವು ನಿಲ್ಲದಿದ್ದರೆ ಮಗುವನ್ನು ಎಳೆಯದೆ, ಬಾಯಿಯ ಅಂಚಿನಲ್ಲಿ ಶುದ್ಧ ಕಿರುಬೆರಳು ತೂರಿಸಿ ಬಿಡಿಸಿ ಮತ್ತೆ ಹಿಡಿಸಬೇಕು. ನೋವು ಕಡಿಮೆಯಿರುವ ಎದೆಯಿಂದ ಆರಂಭಿಸುವುದು ಒಳ್ಳೆಯದು. ತಡೆಯಲಾಗದಷ್ಟು ನೋವಿದ್ದರೆ ಒಂದೆರಡು ದಿನ ಕೈಯಿಂದ ಹಾಲು ಹಿಂಡಿ, ಕುದಿಸಿ ಶುಚಿಮಾಡಿದ ಒಳಲೆ ಅಥವಾ ಲೋಟದಿಂದ ಕುಡಿಸಬಹುದು. ಹಿಂಡದೆ ಬಿಟ್ಟರೆ ಹಾಲು ಕಟ್ಟಿ ಎದೆ ಬಾತುಕೊಳ್ಳುತ್ತದೆ.

ಗಾಯಕ್ಕೆ ಸಾಬೂನು, ಸ್ಪಿರಿಟ್ ತಾಗಿಸಬಾರದು. ಒಣಗಿ ಹಕ್ಕಳೆಗಟ್ಟಿದ್ದಕ್ಕಿಂತ ಹದವಾದ ತೇವದಲ್ಲಿ ಗಾಯ ಬೇಗ ಮಾಯುತ್ತದೆಂದು 1962ರಲ್ಲಿ ಜಾರ್ಜ್ ವಿಂಟರ್ ತೋರಿಸಿದರು. ಎದೆಹಾಲಿನ ಹನಿ ಅಥವಾ ಶುದ್ಧೀಕರಿಸಿದ ಲ್ಯಾನೊಲಿನ್ ಹಚ್ಚುವುದು ರೂಢಿ. ಆದರೆ ಹಲವು ಅಧ್ಯಯನಗಳನ್ನು ಒಟ್ಟಾಗಿ ತೂಗಿದ 2014ರ ಕಾಕ್ರೇನ್ ವಿಮರ್ಶೆಯ ಪ್ರಕಾರ ಯಾವ ಮುಲಾಮೂ ಉಳಿದವಕ್ಕಿಂತ ಮೇಲೆನ್ನಲು ಸಾಕಷ್ಟು ಆಧಾರವಿಲ್ಲ. ಎದೆಹಾಲು ಹಚ್ಚುವುದು ಅಥವಾ ಏನೂ ಹಚ್ಚದಿರುವುದೂ ಅಷ್ಟೇ ಫಲಕೊಡಬಹುದು. ಸೋಂಕು ಬಲವಾಗಿದ್ದರೆ ಹಾಲೂಡಿಸುವಾಗ ಸೇವಿಸಬಹುದಾದ ಆ್ಯಂಟಿಬಯೋಟಿಕ್ ಮಾತ್ರೆಗಳನ್ನು ವೈದ್ಯರು ಕೊಡುತ್ತಾರೆ. ನಾಲಿಗೆಯ ಅಂಟು ಹಾಲು ಕುಡಿಯಲು ನಿಜಕ್ಕೂ ಅಡ್ಡಿಯಾಗಿದ್ದರೆ ಅದನ್ನು ಕತ್ತರಿಸಿ ಬಿಡಿಸುವ ಸಣ್ಣ ಶಸ್ತ್ರಚಿಕಿತ್ಸೆಯುಂಟು.

ಎಚ್ಚರಿಕೆ: ಜ್ವರದೊಂದಿಗೆ ಎದೆಯ ಒಂದು ಭಾಗ ಕೆಂಪಾಗಿ ಗಟ್ಟಿಯಾದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಹರ್ಪಿಸ್ ಗುಳ್ಳೆಗಳಿರುವ ಎದೆಯಿಂದ ಅವು ಮಾಯುವವರೆಗೆ ಹಾಲೂಡಿಸಬಾರದು. ನವಜಾತ ಶಿಶುವಿಗೆ ಆ ಸೋಂಕು ಪ್ರಾಣಾಪಾಯ ತರಬಲ್ಲದು. ಒಂದೇ ತೊಟ್ಟಿನಲ್ಲಿ ಇಸಬಿನಂತೆ ಸಿಪ್ಪೆಯೇಳುವ ಗಾಯ ಯಾವ ಔಷಧಕ್ಕೂ ಬಗ್ಗದಿದ್ದರೆ, 1874ರಲ್ಲಿ ಜೇಮ್ಸ್ ಪ್ಯಾಜೆಟ್ ವಿವರಿಸಿದ ಅಪರೂಪದ ಕ್ಯಾನ್ಸರ್ ಅಲ್ಲವೆಂದು ಬಯಾಪ್ಸಿಯಿಂದ ಖಚಿತಪಡಿಸಿಕೊಳ್ಳಬೇಕು.

ನೆರವು: ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಆರಂಭಿಸಿದ ‘ಮಾ’ ಕಾರ್ಯಕ್ರಮದಡಿ ಆಶಾ ಕಾರ್ಯಕರ್ತೆಯರೂ ನರ್ಸುಗಳೂ ಹಾಲೂಡಿಸುವ ತಾಯಂದಿರಿಗೆ ನೆರವಾಗುತ್ತಾರೆ. ಬಾಣಂತಿಗೆ ನೋವು ಸಹಜ, ಸಹಿಸಿಕೋ ಎನ್ನುವುದು ಚಿಕಿತ್ಸೆಯಲ್ಲ. ಹಿಡಿತವನ್ನು ಬಲ್ಲವರು ಬಳಿ ಕುಳಿತು ಆಕೆ ಹಾಲೂಡಿಸುವುದನ್ನು ನೋಡಿ ತಿದ್ದಿದರೆ, ಹೆಚ್ಚಿನ ಗಾಯಗಳು ಹಾಲು ಬಿಡಿಸದೆಯೇ ಮಾಯುತ್ತವೆ.