ವರ್ಚುವಲ್ ಮಷೀನಿನ ಕೋರ್ ಹಂಚಿಕೆ: ದೋಷಶೋಧನೆ

ಒಂದು ಕಂಪ್ಯೂಟರಿನ ಪ್ರೊಸೆಸರ್ ಕೋರ್‌ಗಳನ್ನು ಅದರೊಳಗೆ ನಡೆಯುವ ಹಲವು ವರ್ಚುವಲ್ ಮಷೀನುಗಳಿಗೆ ಹಂಚಿದಾಗ ಏಳುವ ತೊಡಕುಗಳನ್ನು ಗುರುತಿಸಿ ಸರಿಪಡಿಸುವ ಕೆಲಸ. ಹಂಚುವ ತಂತ್ರಾಂಶ ಹೈಪರ್‌ವೈಸರ್. ಆಶ್ರಯ ಕೊಟ್ಟ ಕಂಪ್ಯೂಟರ್ ಹೋಸ್ಟ್, ಒಳಗಿನ ಮಷೀನು ಗೆಸ್ಟ್. ಗೆಸ್ಟಿಗೆ ಕೊಡುವ ವಿಸಿಪಿಯು ಎಂಬುದು ಒಂದು ವಸ್ತುವಲ್ಲ, ಹೋಸ್ಟಿನ ಯಾವುದೋ ಕೋರಿನ ಮೇಲೆ ಓಡಲು ಸಿಗುವ ಸರದಿ. ಹಳೆ ಮೈಸೂರು ಸೀಮೆಯಲ್ಲಿ ನೀರುಗಂಟಿ ಕೆರೆಯ ತೂಬು ಎತ್ತಿ ಗದ್ದೆಗಳಿಗೆ ಸರದಿಯ ಮೇಲೆ ನೀರು ಬಿಡುತ್ತಿದ್ದ ಕ್ರಮವನ್ನು ಬಲ್ಲವರಿಗೆ ಇದು ಬೇಗ ತಿಳಿಯುತ್ತದೆ. ಗದ್ದೆಯ ಬಯಲು ಹಿಗ್ಗಿದರೆ ತೂಬಿನ ನೀರು ಹೆಚ್ಚುವುದಿಲ್ಲ.

ಆದ್ದರಿಂದ ಮೊದಲು ಕೇಳಬೇಕಾದದ್ದು: ಕೊಟ್ಟ ಕೋರ್‌ಗಳು ಗೆಸ್ಟಿಗೆ ಕಾಣುತ್ತಲೇ ಇಲ್ಲವೋ, ಕಂಡರೂ ಅವಕ್ಕೆ ಸರದಿ ಸಿಗುತ್ತಿಲ್ಲವೋ? ಎರಡಕ್ಕೂ ಮದ್ದು ಬೇರೆ.

ಎಣಿಕೆಯ ದೋಷ

ನಾಲ್ಕು ವಿಸಿಪಿಯು ಕೊಟ್ಟರೂ ಕೆಲವೊಮ್ಮೆ ವಿಂಡೋಸ್ 10ರ ಪ್ರೊ ಆವೃತ್ತಿ ಎರಡನ್ನೇ ತೋರಿಸುತ್ತದೆ, ಹೋಮ್ ಆವೃತ್ತಿ ಒಂದನ್ನೇ. ಕಾರಣ ಸಾಕೆಟ್, ಅಂದರೆ ಪ್ರೊಸೆಸರ್ ಚಿಪ್ ಕೂರುವ ಜಾಗ. ಹೋಮ್ ಒಂದು ಸಾಕೆಟ್ಟನ್ನೂ ಪ್ರೊ ಎರಡನ್ನೂ ಮಾತ್ರ ಬಳಸುತ್ತವೆ. ಜೋಡಣೆಯ ವಿವರ ಕೊಡದಿದ್ದರೆ, ವರ್ಚುವಲ್ ಮಷೀನು ನಡೆಸುವ ಕ್ಯೂಎಮು ತಂತ್ರಾಂಶ ಪ್ರತಿ ವಿಸಿಪಿಯುವನ್ನೂ ಬೇರೆ ಸಾಕೆಟ್ಟೆಂದು ತೋರಿಸುತ್ತಿತ್ತು, 2021ರ 6.2ನೇ ಆವೃತ್ತಿಯ ಮಷೀನು ಮಾದರಿಗಳಿಂದ ಕೋರಿಗೆ ಆದ್ಯತೆ ಬಂತು. ಗೆಸ್ಟನ್ನು ಪೂರ್ತಿ ನಿಲ್ಲಿಸಿ, ಒಂದು ಸಾಕೆಟ್, ನಾಲ್ಕು ಕೋರ್ ಎಂದು ಬರೆದರೆ ಸಾಕು. ವಿಂಡೋಸಿನ ಟಾಸ್ಕ್ ಮ್ಯಾನೇಜರಿನಲ್ಲಿ, ಲಿನಕ್ಸಿನ ಎಲ್‌ಎಸ್‌ಸಿಪಿಯು ಆಜ್ಞೆಯಲ್ಲಿ ಸಾಕೆಟ್ಟಿನ ಲೆಕ್ಕ ಕಾಣುತ್ತದೆ.

ವರ್ಚುವಲ್‌ಬಾಕ್ಸ್ ಎಂಬ ಹೈಪರ್‌ವೈಸರಿನಲ್ಲಿ ಒಂದಕ್ಕಿಂತ ಹೆಚ್ಚು ಕೋರ್ ಬೇಕಿದ್ದರೆ ಐಒ ಎಪಿಕ್ ಆಯ್ಕೆ ಚಾಲೂ ಇರಬೇಕು; ಹೋಸ್ಟಿನ ಬಯೋಸಿನಲ್ಲಿ ಪ್ರೊಸೆಸರಿನ ವರ್ಚುವಲೈಸೇಶನ್ ನೆರವು (ವಿಟಿ-ಎಕ್ಸ್ ಅಥವಾ ಎಎಂಡಿ-ವಿ) ಆಫ್ ಆಗಿಲ್ಲವೆಂದೂ ನೋಡಿಕೊಳ್ಳಬೇಕು. ಗೆಸ್ಟ್ ವಿಂಡೋಸಿನ ಎಂಎಸ್‌ಕಾನ್ಫಿಗ್‌ನಲ್ಲಿ ಯಾರೋ ಎಂದೋ ಪ್ರೊಸೆಸರ್ ಸಂಖ್ಯೆಗೆ ಮಿತಿ ಹಾಕಿ ಮರೆತಿರುವುದೂ ಉಂಟು.

ಸರದಿಯ ದೋಷ ಮತ್ತು ಅದರ ಇತಿಹಾಸ

ಒಂದು ಯಂತ್ರವನ್ನು ಹಲವು ವರ್ಚುವಲ್ ಮಷೀನುಗಳಿಗೆ ಹಂಚುವ ಐಬಿಎಂನ ಸಿಪಿ-40 ವ್ಯವಸ್ಥೆ 1967ರಲ್ಲಿ, ವಿಎಂ/370 1972ರಲ್ಲಿ ಬಂದವು. ಯಾವ ಪ್ರೊಸೆಸರನ್ನು ಹೀಗೆ ನಿರಾತಂಕವಾಗಿ ಹಂಚಬಹುದೆಂಬ ಲಕ್ಷಣವನ್ನು ಪೋಪೆಕ್ ಮತ್ತು ಗೋಲ್ಡ್‌ಬರ್ಗ್ 1974ರಲ್ಲಿ ವಿವರಿಸಿದರು. ಸಾಮಾನ್ಯ ಪಿಸಿಗಳ ಎಕ್ಸ್86 ಪ್ರೊಸೆಸರ್ ಆ ಲಕ್ಷಣಕ್ಕೆ ಹೊಂದುತ್ತಿರಲಿಲ್ಲ. ವಿಎಂವೇರ್ ಕಂಪನಿ 1999ರಲ್ಲಿ ಆಜ್ಞೆಗಳನ್ನು ಓಡುತ್ತಿರುವಾಗಲೇ ತಿದ್ದಿ ಬರೆದು ಈ ಅಡ್ಡಿ ದಾಟಿತು. ಇಂಟೆಲ್ 2005ರಲ್ಲಿ, ಎಎಂಡಿ 2006ರಲ್ಲಿ ಯಂತ್ರಾಂಶದಲ್ಲೇ ನೆರವು ಕೊಟ್ಟವು.

ಗೆಸ್ಟಿಗೆ ಒಂದಕ್ಕಿಂತ ಹೆಚ್ಚು ವಿಸಿಪಿಯು ಬಂದಾಗ ಹೊಸ ಕಗ್ಗಂಟು ಹುಟ್ಟಿತು. ಒಂದು ವಿಸಿಪಿಯು ಹಂಚಿಕೊಂಡ ದತ್ತಾಂಶದ ಬೀಗ (ಲಾಕ್) ಹಿಡಿದಿರುವಾಗಲೇ ಅದರ ಸರದಿ ಮುಗಿದುಹೋದರೆ, ಬೀಗಕ್ಕೆ ಕಾಯುವ ಉಳಿದವು ತಮ್ಮ ಸರದಿಯನ್ನೆಲ್ಲ ಬರಿದೇ ಸುತ್ತುತ್ತ ಕಳೆಯುತ್ತವೆ. ಇದನ್ನು ತಪ್ಪಿಸಲು ವಿಎಂವೇರಿನ ಹಳೆಯ ಇಎಸ್‌ಎಕ್ಸ್ ಹೈಪರ್‌ವೈಸರ್ ಒಂದು ಗೆಸ್ಟಿನ ವಿಸಿಪಿಯುಗಳನ್ನು ಒಟ್ಟಿಗೇ ಓಡಿಸುತ್ತಿತ್ತು. ನಾಲ್ಕು ವಿಸಿಪಿಯು ಪಡೆದ ಗೆಸ್ಟ್, ನಾಲ್ಕರಲ್ಲೂ ಕೆಲಸವಿದ್ದರೆ, ನಾಲ್ಕು ಕೋರ್ ಒಮ್ಮೆಗೇ ಬಿಡುವಾಗುವ ತನಕ ಕಾದು ಕೂರಬೇಕಿತ್ತು. 2006ರ ಇಎಸ್‌ಎಕ್ಸ್ 3 ಈ ಕಟ್ಟನ್ನು ಸಡಿಲಿಸಿತು. ಆದರೂ ಹೋಸ್ಟಿನಲ್ಲಿ ನೂಕುನುಗ್ಗಲಿದ್ದಾಗ ವಿಸಿಪಿಯು ಏರಿಸಿದರೆ ಗೆಸ್ಟ್ ಇನ್ನೂ ನಿಧಾನವಾಗಬಹುದು. ನಿಧಾನವೆಂಬ ದೂರು ಬಂದೊಡನೆ ಕೋರ್ ಸೇರಿಸುವುದೇ ಈ ಕ್ಷೇತ್ರದ ಸಾಮಾನ್ಯ ತಪ್ಪು.

ಅಳೆಯುವ ದಾರಿಗಳಿವೆ. ಕೆವಿಎಂ, ಝೆನ್ ಹೈಪರ್‌ವೈಸರುಗಳ ಗೆಸ್ಟುಗಳಲ್ಲಿ ಲಿನಕ್ಸಿನ ಟಾಪ್ ಆಜ್ಞೆ ತೋರಿಸುವ ಎಸ್‌ಟಿ ಅಂಕಣ, ಸರದಿ ಬಯಸಿಯೂ ಸಿಗದ ಸಮಯದ ಪಾಲನ್ನು ಹೇಳುತ್ತದೆ. ವಿಎಂವೇರಿನಲ್ಲಿ ಇದು ರೆಡಿ ಟೈಮ್. ಅದರ ನಿರ್ವಹಣಾ ತಂತ್ರಾಂಶ ವಿಸೆಂಟರಿನ ನೈಜಕಾಲದ ನಕ್ಷೆ 20 ಸೆಕೆಂಡಿನ ಮೊತ್ತವನ್ನು ಮಿಲಿಸೆಕೆಂಡಿನಲ್ಲಿ ಕೊಡುವುದರಿಂದ ಅಂಕಿ ನೋಡಿ ಗಾಬರಿಪಡುವವರು ಬಹಳ. 4,000 ಎಂದಿದ್ದರೆ 20,000ದಿಂದ ಭಾಗಿಸಿ ಶೇ. 20, ನಾಲ್ಕು ವಿಸಿಪಿಯುಗಳಿಗೆ ಹಂಚಿದರೆ ತಲಾ ಶೇ. 5. ತಲಾ ಶೇ. 5ರ ಆಸುಪಾಸಿನಲ್ಲಿ ಎಚ್ಚರಗೊಳ್ಳುವುದು ವೃತ್ತಿಯ ರೂಢಿ, ಕಟ್ಟಳೆಯಲ್ಲ. ಅಂಕಿ ಏರಿದ್ದು ಗೆಸ್ಟಿನ ಕೋರ್‌ಗಳು ಬಹುಪಾಲು ಸುಮ್ಮನಿದ್ದರೆ, ವಿಸಿಪಿಯು ಇಳಿಸಿ ಮತ್ತೆ ಅಳೆಯಬೇಕು.

ಇತರ ಕಾರಣಗಳು

ಒಂದು ಕೋರನ್ನು ಎರಡಾಗಿ ತೋರಿಸುವ ಹೈಪರ್‌ಥ್ರೆಡಿಂಗ್ ಇರುವ ಹೋಸ್ಟಿನಲ್ಲಿ ಎಂಟು ಎಂದು ಕಾಣುವುದು ನಿಜವಾಗಿ ನಾಲ್ಕು ಕೋರ್ ಇರಬಹುದು. ಎರಡು ಸಾಕೆಟ್ಟಿನ ಸರ್ವರಿನಲ್ಲಿ ಗೆಸ್ಟಿನ ಕೋರ್ ಒಂದು ಕಡೆ, ಮೆಮೊರಿ ಇನ್ನೊಂದು ಕಡೆ ಬಿದ್ದರೆ ಪ್ರತಿ ಓದಿಗೂ ದೂರದ ಪಯಣ. ಗೆಸ್ಟನ್ನು ನಿಗದಿತ ಕೋರ್‌ಗಳಿಗೆ ಕಟ್ಟಿಹಾಕುವವರು ಹೋಸ್ಟಿನ ಸ್ವಂತ ಕೆಲಸಕ್ಕೆ ಒಂದು ಕೋರನ್ನಾದರೂ ಬಿಡಬೇಕು. ಬಿಡದಿದ್ದರೆ ಡಿಸ್ಕು, ನೆಟ್‌ವರ್ಕ್ ಕೆಲಸ ತಡವಾಗಿ ದೋಷ ಬೇರೆಡೆ ಇರುವಂತೆ ತೋರುತ್ತದೆ.