ಮಡಚುಚಾಕು

ಅಲಗನ್ನು ಹಿಡಿಯೊಳಗೆ ಮಡಚಿ ಜೇಬಿನಲ್ಲೋ ಚೀಲದಲ್ಲೋ ಇಟ್ಟುಕೊಳ್ಳಲು ಬರುವ ಚಿಕ್ಕ ಚಾಕು. ಜೇಬುಚಾಕು ಎಂದೂ ಹೇಳುವುದುಂಟು. ಅಲಗು, ಹಿಡಿ, ಇವೆರಡನ್ನೂ ಕೂಡಿಸುವ ಕೀಲು, ಅಲಗನ್ನು ಬಿಗಿಯಾಗಿ ನಿಲ್ಲಿಸುವ ಸ್ಪ್ರಿಂಗ್ ಅಥವಾ ಲಾಕ್ ಇದರ ಮುಖ್ಯ ಭಾಗಗಳು. ಈಳಿಗೆ ಅಡುಗೆಮನೆಯಲ್ಲಿ, ಕುಡುಗೋಲು ಹೊಲದಲ್ಲಿ, ಅಡಕತ್ತರಿ ಎಲೆಚೀಲದಲ್ಲಿ ಇರುತ್ತವೆ. ಮಡಚುಚಾಕು ಮಾತ್ರ ಮನುಷ್ಯ ಹೋದಲ್ಲೆಲ್ಲ ಹೋಗುವ ಸಾಧನ. ಆದ್ದರಿಂದ ಅದು ಹಗುರವಾಗಿರಬೇಕು, ಮುಚ್ಚಿದಾಗ ಯಾರಿಗೂ ತಾಗದಂತಿರಬೇಕು.

ಇತಿಹಾಸ

ಅಶೋಕನ ಹೆಸರನ್ನೇ ಹೊತ್ತ ಶಾಸನ 1915ರಲ್ಲಿ ಬೆಳಕಿಗೆ ಬಂದ ಊರು ರಾಯಚೂರು ಜಿಲ್ಲೆಯ ಮಸ್ಕಿ. ಕತ್ತರಿಸುವ ಸಾಧನಗಳ ಚರಿತ್ರೆಯಲ್ಲೂ ಈ ಊರಿಗೆ ಸ್ಥಾನವಿದೆ. 1954ರಲ್ಲಿ ಪುರಾತತ್ತ್ವಜ್ಞ ಬಿ. ಕೆ. ಥಾಪರ್ ಇಲ್ಲಿ ನಡೆಸಿದ ಉತ್ಖನನದಲ್ಲಿ ತಾಮ್ರಶಿಲಾಯುಗದ ನೆಲೆ ಕಂಡುಬಂತು. ಆ ಕಾಲದವರು ಚರ್ಟ್, ಅಗೇಟ್ ಮುಂತಾದ ಗಟ್ಟಿ ಕಲ್ಲುಗಳಿಂದ ತೆಳುವಾದ, ಉದ್ದನೆಯ ಅಲಗುಗಳನ್ನು ಸೀಳಿ ತೆಗೆಯುತ್ತಿದ್ದರು. ಒಡೆದ ಕಲ್ಲಿನ ಅಂಚು ಬಹಳ ಹರಿತ. ಆದರೆ ಮೊಂಡಾದ ಕಲ್ಲನ್ನು ಲೋಹದಂತೆ ಮಸೆಯಲಾಗದು, ಚಕ್ಕೆ ಎಬ್ಬಿಸಬೇಕು ಇಲ್ಲವೇ ಹೊಸ ಅಲಗು ಸೀಳಬೇಕು. ಅದೇ ನೆಲೆಯ ಮುಂದಿನ ಹಂತವಾದ ಬೃಹತ್ ಶಿಲಾ ಸಂಸ್ಕೃತಿಯ ಪದರದಲ್ಲಿ ಕಬ್ಬಿಣ ಕಾಣಿಸಿಕೊಳ್ಳುತ್ತದೆ. ಕಬ್ಬಿಣದೊಂದಿಗೆ ಒಂದೇ ಅಲಗನ್ನು ಮತ್ತೆ ಮತ್ತೆ ಮಸೆದು ವರ್ಷಗಟ್ಟಲೆ ಬಾಳಿಸುವ ಅನುಕೂಲ ಬಂತು. ಮುಂದೆ ದಕ್ಷಿಣ ಭಾರತದ ಉಕ್ಕು ಹೊರದೇಶಗಳಲ್ಲಿ ಹೆಸರಾಯಿತು. ಯುರೋಪಿನವರು ಅದನ್ನು ಕರೆದ 'ವೂಟ್ಸ್' ಎಂಬ ಹೆಸರು ಕನ್ನಡದ 'ಉಕ್ಕು' ಪದದಿಂದ ಬಂದಿತೆಂಬ ವಿವರಣೆ ಪ್ರಸಿದ್ಧವಾಗಿದೆ.

ಮಡಚುವ ಅಲಗು ಯುರೋಪಿನಲ್ಲಿ ಕಬ್ಬಿಣಯುಗದಿಂದಲೂ ಇದೆ; ರೋಮನ್ನರ ಕಾಲದ ಮಾದರಿಗಳು ಹಲವು ಸಿಕ್ಕಿವೆ. ಫ್ರಾನ್ಸಿನ ಜೋಸೆಫ್ ಒಪಿನೆಲ್ 1890ರಲ್ಲಿ ಮರದ ಹಿಡಿಯ ಅಗ್ಗದ ರೈತಚಾಕನ್ನು ರೂಪಿಸಿದ. ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ 1891ರಲ್ಲಿ ಸೈನಿಕರಿಗೆ ಚಾಕು ಒದಗಿಸತೊಡಗಿದ; ಅದರ ವಂಶವೇ ಇಂದಿನ ಸ್ವಿಸ್ ಚಾಕು. ಭಾರತದಲ್ಲಿ ಉತ್ತರ ಪ್ರದೇಶದ ರಾಂಪುರದ ಚಾಕು ಹಿಂದಿ ಸಿನಿಮಾಗಳ ಮೂಲಕ ಹೆಸರಾಯಿತು. ಅದರಿಂದಾಗಿ ಮಡಚುಚಾಕೆಂದರೆ ಆಯುಧ ಎಂಬ ಭಾವನೆಯೂ ಬೆಳೆಯಿತು. ದಿನಬಳಕೆಯ ಚಾಕು ಆಯುಧವಲ್ಲ, ದುಡಿಮೆಯ ಸಾಧನ.

ಪರೀಕ್ಷಿಸುವ ಕ್ರಮ

ಅಂಗಡಿಯಲ್ಲಿ ಹೆಚ್ಚಿನವರು ಮೊದಲು ಹೆಬ್ಬೆರಳಿನಿಂದ ಹರಿತ ನೋಡುತ್ತಾರೆ. ಇದು ಅಪಾಯದ ಕೆಲಸ, ಪ್ರಯೋಜನವೂ ಕಡಿಮೆ. ಹರಿತ ಹೋದರೆ ಕಲ್ಲಿನ ಮೇಲೆ ಮರಳಿ ತರಬಹುದು. ಕೆಟ್ಟ ಕೀಲನ್ನು ಮನೆಯಲ್ಲಿ ಸರಿಮಾಡುವುದು ಕಷ್ಟ. ಆದ್ದರಿಂದ ಪರೀಕ್ಷೆ ಕೀಲಿನಿಂದ ಶುರುವಾಗಬೇಕು.

ಕೀಲು: ಅಲಗನ್ನು ಪೂರ್ತಿ ತೆರೆದು, ಅದರ ಬೆನ್ನನ್ನು ಎರಡು ಬೆರಳಲ್ಲಿ ಹಿಡಿದು ಎಡಕ್ಕೂ ಬಲಕ್ಕೂ ಮೆಲ್ಲಗೆ ಒತ್ತಿ ನೋಡಬೇಕು. ಸಡಿಲ ಕಾಣಬಾರದು. ಮುಚ್ಚಿದಾಗ ಅಲಗು ಹಿಡಿಯ ಸೀಳಿನ ನಡುಮಧ್ಯೆ ಕೂರಬೇಕು. ಒಂದು ಬದಿಗೆ ವಾಲಿ ಉಜ್ಜಿದರೆ ಅಲಗಿನ ಬಾಯಿ ಬೇಗ ಮೊಂಡಾಗುತ್ತದೆ. ಮುಚ್ಚಿದ ಚಾಕನ್ನು ಕೆಳಮುಖವಾಗಿ ಹಿಡಿದು ಜಾಡಿಸಿದರೂ ಅಲಗು ಹೊರಗೆ ಜಾರಬಾರದು.

ಸ್ಪ್ರಿಂಗ್ ಮತ್ತು ಲಾಕ್: ಬರೀ ಬೆನ್ನಿನ ಸ್ಪ್ರಿಂಗ್ ಇರುವ ಚಾಕು ಹಣ್ಣು, ದಾರ, ಕಾಗದಕ್ಕೆ ಸಾಕು. ಒತ್ತಿ ಕೊಯ್ಯುವ ಕೆಲಸವಿದ್ದವರಿಗೆ ಲಾಕ್ ಬೇಕು. ಒಪಿನೆಲ್ ಚಾಕಿನಲ್ಲಿ ಕೊರಳಿನ ಉಂಗುರ ತಿರುಗಿಸಿದರೆ ಅಲಗು ನಿಲ್ಲುತ್ತದೆ. ಬೇರೆ ಕೆಲವದರಲ್ಲಿ ಒಳಗಿನ ತಗಡು ಅಲಗಿನ ಬುಡಕ್ಕೆ ಅಡ್ಡ ಬಂದು ಹಿಡಿಯುತ್ತದೆ. ಲಾಕ್ ಬಿದ್ದ ಮೇಲೆ ಅಲಗಿನ ಬೆನ್ನನ್ನು ಮರದ ಹಲಗೆಗೆ ಮೆಲ್ಲಗೆ ಒತ್ತಿ ನೋಡಬೇಕು. ಆಗ ಬೆರಳುಗಳು ಮುಚ್ಚುವ ದಾರಿಯಲ್ಲಿ ಇರಕೂಡದು.

ತೂಕ: 100 ಗ್ರಾಂ ಒಳಗಿನ ಚಾಕು ಅಂಗಿಯ ಜೇಬನ್ನು ಜಗ್ಗುವುದಿಲ್ಲ. 8.5 ಸೆಂ.ಮೀ. ಅಲಗಿನ ಒಪಿನೆಲ್ 8ನೇ ನಂಬರಿನ ಚಾಕು ಸುಮಾರು 50 ಗ್ರಾಂ ತೂಗುತ್ತದೆ. ತೂಕ ಎಲ್ಲಿಂದ ಇಳಿಸಿದ್ದಾರೆ ಎಂಬುದನ್ನು ಗಮನಿಸಬೇಕು. ಉಕ್ಕಿನ ಹಿಡಿಗೆ ಬದಲು ಮರ, ನೈಲಾನ್, ಅಥವಾ ಉಕ್ಕಿನ ಮೂರನೇ ಒಂದು ಪಾಲು ತೂಗುವ ಅಲ್ಯೂಮಿನಿಯಂ ಬಳಸಿ ಇಳಿಸಿದ್ದರೆ ಒಳ್ಳೆಯದು. ಕೀಲುಮೊಳೆ, ಸ್ಪ್ರಿಂಗುಗಳನ್ನು ತೆಳುಮಾಡಿ ಇಳಿಸಿದ್ದರೆ ಅದು ಹಗುರವಲ್ಲ, ಬಡಕಲು.

ಅಲಗು: ಸ್ಟೇನ್‌ಲೆಸ್ ಉಕ್ಕು ತುಕ್ಕು ತಡೆಯುತ್ತದೆ, ಕಾರ್ಬನ್ ಉಕ್ಕು ಬೇಗ ಹರಿತಗೊಳ್ಳುತ್ತದೆ, ಆದರೆ ಹುಣಸೆ, ನಿಂಬೆ, ಮಾವಿನ ಹುಳಿಗೆ ಕಪ್ಪಾಗುತ್ತದೆ. ಹರಿತ ನೋಡಲು ಬೆರಳು ಬೇಡ. ಅಲಗಿನ ಬಾಯಿಯನ್ನು ಮೇಲೆ ಮಾಡಿ ಬಿಸಿಲಿಗೆ ಹಿಡಿದರೆ ಮೊಂಡಾದ ಕಡೆ ಬಿಳಿ ಗೆರೆ ಮಿಂಚುತ್ತದೆ. ಹರಿತವಾದ ಬಾಯಿಗೆ ಬೆಳಕನ್ನು ಮರಳಿಸುವಷ್ಟು ಅಗಲವೇ ಇರುವುದಿಲ್ಲ.

ಮಸ್ಕಿ ಸೀಮೆಯಲ್ಲಿ ಬಳಕೆ

ಮಸ್ಕಿ, ಸಿಂಧನೂರು, ಲಿಂಗಸೂಗೂರು ಭಾಗದಲ್ಲಿ ಭತ್ತ, ಹತ್ತಿ, ತೊಗರಿ, ಜೋಳ ಬೆಳೆಯುತ್ತಾರೆ. ಚೀಲದ ಬಾಯಿ ಹೊಲಿದ ಸುತಳಿ ಕೊಯ್ಯಲು, ಬೀಜದ ಪಾಕೀಟು ಬಿಚ್ಚಲು, ಹನಿ ನೀರಾವರಿಯ ಪೈಪು ತುಂಡರಿಸಲು, ಬುತ್ತಿಯ ಜೊತೆಗಿನ ಉಳ್ಳಾಗಡ್ಡಿ ಹೆಚ್ಚಲು 6–8 ಸೆಂ.ಮೀ. ಅಲಗು ಧಾರಾಳವಾಯಿತು. ಈ ನೆಲಕ್ಕೆ ಎರಡು ಎಚ್ಚರಿಕೆಗಳಿವೆ. ಎರೆ ಮಣ್ಣಿನ ನುಣುಪು ಧೂಳು, ಹತ್ತಿಯ ಎಳೆ ಕೀಲಿನೊಳಗೆ ಸೇರಿಕೊಳ್ಳುತ್ತವೆ. ಒಳಭಾಗ ಕಾಣುವ, ಒರೆಸಲು ಬರುವ ತೆರೆದ ಹಿಡಿ ಮೇಲು. ಬೇಸಿಗೆಯ ಬಿಸಿಲಿನಲ್ಲಿ ಲೋಹದ ಹಿಡಿ ಕಾಯುತ್ತದೆ. ಮರದ್ದೋ ನೈಲಾನಿನದೋ ಕೈಗೆ ಹಿತ.

ಕಾನೂನು

1959ರ ಶಸ್ತ್ರಾಸ್ತ್ರ ಕಾಯ್ದೆ ಕೇವಲ ಮನೆಬಳಕೆಗೆ ಅಥವಾ ಕೃಷಿಗೆಂದು ಮಾಡಿದ ಸಾಧನಗಳನ್ನು ಆಯುಧವೆಂದು ಎಣಿಸುವುದಿಲ್ಲ. ಹಾಗಿದ್ದರೂ ಗುಂಡಿ ಒತ್ತಿದರೆ ಚಿಮ್ಮುವ ಅಲಗು, ಕಠಾರಿಯಂಥ ರೂಪ ದಿನಬಳಕೆಗೆ ಬೇಕಿಲ್ಲ, ಅನುಮಾನಕ್ಕೆ ಎಡೆಮಾಡುತ್ತವೆ. ವಿಮಾನದಲ್ಲಿ ಚಾಕನ್ನು ಕೈಚೀಲದಲ್ಲಿ ಒಯ್ಯುವಂತಿಲ್ಲ. ನಿಷೇಧಾಜ್ಞೆ ಜಾರಿಯಲ್ಲಿರುವಾಗ, ಜಾತ್ರೆಯ ಜನಸಂದಣಿಯಲ್ಲಿ ಅದು ಮನೆಯಲ್ಲೇ ಇರುವುದು ಲೇಸು.

ಆರೈಕೆ

ಹುಳಿ ಕೊಯ್ದ ಕೂಡಲೇ ಅಲಗನ್ನು ತೊಳೆದು, ಒರೆಸಿ, ಒಣಗಿದ ಮೇಲೆ ಮಡಚಬೇಕು. ಕೀಲಿನ ಧೂಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದು ಒಂದು ಹನಿ ಎಣ್ಣೆ ಬಿಟ್ಟರೆ ಸಾಕು. ಹೆಚ್ಚಾದರೆ ಅದೇ ಧೂಳನ್ನು ಹಿಡಿದಿಡುತ್ತದೆ. ಮಸೆಯುವಾಗ ನೀರು ಹನಿಸಿದ ನುಣ್ಣನೆಯ ಕಲ್ಲಿನ ಮೇಲೆ ಅಲಗನ್ನು 15–20 ಡಿಗ್ರಿ ಓರೆಯಲ್ಲಿ ಇಟ್ಟು, ಎರಡೂ ಬದಿಗೆ ಸಮನಾಗಿ ಎಳೆಯಬೇಕು. ವೇಗವಾಗಿ ತಿರುಗುವ ಸಾಣೆಚಕ್ರಕ್ಕೆ ತೆಳು ಅಲಗನ್ನು ಒಣದಾಗಿ ಹಿಡಿದರೆ ಅಂಚು ಕಾದು ನೀಲಿಗಟ್ಟುತ್ತದೆ. ಆ ನೀಲಿ ಕಂಡ ಕಡೆ ಉಕ್ಕಿನ ಹದ ಕೆಟ್ಟಿತೆಂದೇ ಅರ್ಥ. ಆ ಭಾಗ ಸವೆದುಹೋಗುವವರೆಗೆ ಮಸೆದರೂ ಅಲ್ಲಿ ಹರಿತ ನಿಲ್ಲುವುದಿಲ್ಲ.

ಉತ್ತರ ಕರ್ನಾಟಕದಲ್ಲಿ ದಸರೆಯ ಖಂಡೇಪೂಜೆಗೆ ಮನೆಯ ಸಾಧನಗಳನ್ನೆಲ್ಲ ತೊಳೆದು ಸಾಲಾಗಿ ಇಡುತ್ತಾರೆ. ಕುಡುಗೋಲು, ಕೊಡಲಿಗಳ ಪಕ್ಕದಲ್ಲಿ ಈ ಚಿಕ್ಕ ಚಾಕಿಗೂ ಕುಂಕುಮ ಬೀಳುತ್ತದೆ. ವರ್ಷಕ್ಕೊಮ್ಮೆ ಕೀಲು ಸಡಿಲಾಗಿದೆಯೇ ಎಂದು ನೋಡಲು ಅದಕ್ಕಿಂತ ಒಳ್ಳೆಯ ದಿನವಿಲ್ಲ. ಕೀಲು ಗಟ್ಟಿಯಿದ್ದರೆ, ಮಸೆದು ಮಸೆದು ಅಲಗು ಸವೆದಿದ್ದರೂ ಆ ಚಾಕು ಇನ್ನೂ ಜೇಬಿನಲ್ಲಿ ಇರಲು ಯೋಗ್ಯ.