ಕಾರ್ಲ್‌ಟನ್ ಚಾಪ್‌ಮನ್: ಊರು ಮರೆಯಲಾಗದ ಕಾಲ್ಚೆಂಡಾಟಗಾರ

ಭಾರತ ಫುಟ್‌ಬಾಲ್ ತಂಡದ ಮಾಜಿ ನಾಯಕ, ಬೆಂಗಳೂರಿನ ಕಾರ್ಲ್‌ಟನ್ ಚಾಪ್‌ಮನ್ ಅವರು 2020ರ ಅಕ್ಟೋಬರ್ 12ರಂದು ತಮ್ಮ ಹುಟ್ಟೂರಿನಲ್ಲಿಯೇ ಹೃದಯಾಘಾತದಿಂದ ನಿಧನರಾದರು. ಆಗ ಅವರಿಗೆ ಕೇವಲ 49 ವರ್ಷ. ಪುಣೆಯ ದಕ್ಷಿಣದ ಅಂಚಿನಲ್ಲಿರುವ ಕಾತ್ರಜವು ಬೆಂಗಳೂರಿಗೆ ಸಾಗುವ ಹೆದ್ದಾರಿಯ ಹೆಬ್ಬಾಗಿಲು. ಉದ್ಯೋಗವನ್ನರಸಿ ಅದೇ ಹೆದ್ದಾರಿಯಲ್ಲಿ ಬಂದು ಇಲ್ಲಿ ನೆಲೆನಿಂತ ನಮ್ಮಂಥವರಿಗೆ ಆ ಸುದ್ದಿ ಮನೆಯವರೊಬ್ಬರನ್ನು ಕಳೆದುಕೊಂಡಂತೆ ಎನಿಸಿತು. ಚಾಪ್‌ಮನ್ ಅವರೂ ನಮ್ಮಂತೆಯೇ ಊರು ಬಿಟ್ಟು ಹೊರನಾಡಿನಲ್ಲಿ ಹೆಸರು ಗಳಿಸಿದವರು. ಅವರ ಜೀವನ ಹಾಗೂ ಸಾಧನೆಯ ಕಿರುಪರಿಚಯವನ್ನು ಓದುಗರ ಮುಂದೆ ಇಡುತ್ತಿದ್ದೇವೆ.

ಹಿನ್ನೆಲೆ

ಬೆಂಗಳೂರಿನ ದಂಡು ಪ್ರದೇಶಕ್ಕೂ ಕಾಲ್ಚೆಂಡಿಗೂ ಹಳೆಯ ನಂಟು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಪರವಾಗಿ ಗೋಲು ಗಳಿಸಿದ ಸಾರಂಗಪಾಣಿ ರಾಮನ್ ಈ ನಗರದವರು. ಅದೇ ಒಲಿಂಪಿಕ್ಸ್‌ನಲ್ಲಿ ಆಡಿದ ಅಹ್ಮದ್ ಖಾನ್ ಕೂಡ ಇಲ್ಲಿಯೇ ಹುಟ್ಟಿ, ಕೋಲ್ಕತ್ತದ ಈಸ್ಟ್ ಬೆಂಗಾಲ್ ತಂಡದ ‘ಪಂಚಪಾಂಡವ’ರಲ್ಲಿ ಒಬ್ಬರೆಂದು ಪ್ರಖ್ಯಾತರಾಗಿ, 2017ರಲ್ಲಿ ಬೆಂಗಳೂರಿನಲ್ಲಿ ಕೊನೆಯುಸಿರೆಳೆದರು. ಹಲಸೂರಿನ ಬಳಿಯ ಗೌತಮಪುರದಲ್ಲಿ ಬ್ರೆಜಿಲ್‌ನ ಪೆಲೆಯವರ ಪ್ರತಿಮೆಯೇ ಇದೆ. ಇಂಥ ಪರಂಪರೆಯ ನಗರದಲ್ಲಿ 1971ರ ಏಪ್ರಿಲ್ 13ರಂದು ಚಾಪ್‌ಮನ್ ಜನಿಸಿದರು.

ಕ್ರೀಡಾಜೀವನ

ಎಳವೆಯಲ್ಲಿ ಬೆಂಗಳೂರಿನಲ್ಲಿಯೇ ಆಟದ ಪಾಠ ಕಲಿತ ಚಾಪ್‌ಮನ್, 1990ರ ಹೊತ್ತಿಗೆ ಜಮ್ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಯನ್ನು ಸೇರಿದರು. 1993ರಲ್ಲಿ ಈಸ್ಟ್ ಬೆಂಗಾಲ್ ಸೇರಿದ ವರ್ಷವೇ ಅವರ ಹೆಸರು ಮನೆಮಾತಾಯಿತು. ಏಷ್ಯನ್ ಕಪ್ ವಿನ್ನರ್ಸ್ ಕಪ್ ಪಂದ್ಯದಲ್ಲಿ ಇರಾಕಿನ ಅಲ್ ಜವ್ರಾ ತಂಡವನ್ನು ಈಸ್ಟ್ ಬೆಂಗಾಲ್ 6–2ರಿಂದ ಮಣಿಸಿದಾಗ, ಅವುಗಳಲ್ಲಿ ಮೂರು ಗೋಲುಗಳು ಚಾಪ್‌ಮನ್ ಅವರವು. ಮಧ್ಯಾಂಗಣದ ಆಟಗಾರನೊಬ್ಬ ಹ್ಯಾಟ್ರಿಕ್ ಗಳಿಸುವುದು ಅಪರೂಪ. ಭಾರತದ ಕ್ಲಬ್ಬೊಂದು ವಿದೇಶೀ ತಂಡವನ್ನು ಈ ಪರಿ ಸೋಲಿಸಿದ್ದು ಇನ್ನೂ ಅಪರೂಪ.

1995ರಲ್ಲಿ ಅವರು ಪಂಜಾಬಿನ ಫಗ್ವಾಡದ ಜೆ.ಸಿ.ಟಿ. ತಂಡಕ್ಕೆ ತೆರಳಿದರು. ಐ.ಎಂ. ವಿಜಯನ್, ಬೈಚುಂಗ್ ಭುಟಿಯಾ ಅವರೊಡನೆ ಆಡಿ, 1996–97ರಲ್ಲಿ ನಡೆದ ಮೊದಲ ರಾಷ್ಟ್ರೀಯ ಫುಟ್‌ಬಾಲ್ ಲೀಗ್‌ನ ಪ್ರಶಸ್ತಿಯಲ್ಲಿ ಪಾಲುದಾರರಾದರು. ಮುಂದೆ ಎಫ್.ಸಿ. ಕೊಚ್ಚಿನ್ ಪರವಾಗಿ ಆಡಿ, 1998ರಲ್ಲಿ ಈಸ್ಟ್ ಬೆಂಗಾಲ್‌ಗೆ ಮರಳಿದರು. 2000–01ರ ಸಾಲಿನಲ್ಲಿ ಅವರ ನಾಯಕತ್ವದಲ್ಲಿಯೇ ಆ ತಂಡ ರಾಷ್ಟ್ರೀಯ ಲೀಗ್ ಗೆದ್ದಿತು. 1997ರಲ್ಲಿ ಕಠ್ಮಂಡುವಿನಲ್ಲಿ ಸ್ಯಾಫ್ ಕಪ್ ಗೆದ್ದ ಭಾರತ ತಂಡದಲ್ಲಿಯೂ ಅವರಿದ್ದರು. 2001ರಲ್ಲಿ ನಿವೃತ್ತರಾದ ಬಳಿಕ ತರಬೇತುದಾರರಾಗಿ ಎಳೆಯರನ್ನು ತಿದ್ದುವ ಕೆಲಸದಲ್ಲಿ ತೊಡಗಿದರು.

ಅಭಿಮಾನಿಗಳ ಶೋಕ

ಅವರು ಅಗಲಿದ ವರ್ಷವೇ ಕರಾಳವಾಗಿತ್ತು. ಮಾರ್ಚಿನಲ್ಲಿ ಪಿ.ಕೆ. ಬ್ಯಾನರ್ಜಿ, ಏಪ್ರಿಲ್‌ನಲ್ಲಿ ಚುನಿ ಗೋಸ್ವಾಮಿ ತೀರಿಕೊಂಡಿದ್ದರು. ನವೆಂಬರಿನಲ್ಲಿ ಮರಡೋನಾ ಕೂಡ ಹೊರಟುಹೋದರು. ಕೊರೋನಾ ಪಿಡುಗಿನ ಆ ದಿನಗಳಲ್ಲಿ ಜನ ಗುಂಪುಗೂಡುವಂತಿರಲಿಲ್ಲ. ಮೈದಾನ ತುಂಬಿಸುತ್ತಿದ್ದ ಆಟಗಾರನಿಗೆ ಮೈದಾನ ತುಂಬಿದ ವಿದಾಯ ದೊರೆಯಲಿಲ್ಲ. ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ, ಹಳೆಯ ಸಂಗಾತಿಗಳು, ಕೋಲ್ಕತ್ತದ ಅಭಿಮಾನಿಗಳು ಸಂತಾಪ ಸೂಚಿಸಿದರು. ಉಳಿದವರು ತಂತಮ್ಮ ಮನೆಗಳಲ್ಲಿಯೇ ದುಃಖವನ್ನು ನುಂಗಿಕೊಂಡರು.

ಚಾಪ್‌ಮನ್ ಅವರ ಉಚ್ಛ್ರಾಯದ ದಿನಗಳೆಲ್ಲ ಕೋಲ್ಕತ್ತ, ಫಗ್ವಾಡ, ಕೊಚ್ಚಿಗಳಲ್ಲಿ ಕಳೆದವು. ಹುಟ್ಟೂರಿನವರು ಅವರ ಆಟವನ್ನು ಹೆಚ್ಚಾಗಿ ಪತ್ರಿಕೆಯಲ್ಲಿ ಓದಿಯೇ ಸವಿದರು. ಅವರು ಆಡಿದ ಜೆ.ಸಿ.ಟಿ. ತಂಡ 2011ರಲ್ಲಿ ಮುಚ್ಚಿತು, ಎಫ್.ಸಿ. ಕೊಚ್ಚಿನ್ ಕೂಡ ಇಂದಿಲ್ಲ. ಕ್ಲಬ್ಬು ಅಳಿದರೆ ಅದರ ಆಟಗಾರನ ನೆನಪನ್ನು ಕಾಯುವವರಾರು? ಪುಣೆಯವರಾದ ನಮಗೆ ಈ ಪ್ರಶ್ನೆ ಹೊಸದಲ್ಲ. ಬಾಲೇವಾಡಿ ಕ್ರೀಡಾಂಗಣದಲ್ಲಿ ನಾವು ಕಂಡ ಪುಣೆ ಎಫ್.ಸಿ., ಎಫ್.ಸಿ. ಪುಣೆ ಸಿಟಿ ತಂಡಗಳೆರಡೂ ಹತ್ತಾರು ವರ್ಷ ಬಾಳದೆ ಕಣ್ಮರೆಯಾದವು. ಅಂಥಲ್ಲಿ ಅಭಿಮಾನಿಯ ನೆನಪೇ ದಾಖಲೆ.

ಮುಂದಿನ ಪೀಳಿಗೆಗೆ

2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕವು ಸಂತೋಷ್ ಟ್ರೋಫಿಯನ್ನು ಗೆದ್ದಿತು. 1968–69ರಲ್ಲಿ ಮೈಸೂರು ರಾಜ್ಯವಾಗಿ ಗೆದ್ದ ಮೇಲೆ ಇದೇ ಮೊದಲು. ಆ ದಿನವನ್ನು ಕಾಣಲು ಚಾಪ್‌ಮನ್ ಇರಲಿಲ್ಲವೆಂಬ ಕೊರಗು ನಮ್ಮದು. ಕಾತ್ರಜದ ಬಯಲುಗಳಲ್ಲಿ ಚೆಂಡನ್ನು ಒದೆಯುವ ನಮ್ಮ ಮಕ್ಕಳಿಗೆ ಮೆಸ್ಸಿ, ರೊನಾಲ್ಡೊ ಗೊತ್ತು. ಅವರ ಅಪ್ಪ ಅಮ್ಮಂದಿರ ಊರಿನ ಹುಡುಗನೊಬ್ಬ ಒಂದೇ ಪಂದ್ಯದಲ್ಲಿ ಇರಾಕಿನ ತಂಡಕ್ಕೆ ಮೂರು ಗೋಲು ಹೊಡೆದಿದ್ದನೆಂಬುದನ್ನು ನಾವು ಹೇಳದೆ ಅವರಿಗೆ ಇನ್ನಾರು ಹೇಳಿಯಾರು?